ಸ್ಟಾಪ್ ಇಲ್ಲದ ಜಾಗ

ಬೈಕ್ ನಿಲ್ಲಿಸಿ ಇಳಿದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ರಸ್ತೆ ಪಕ್ಕಕ್ಕೆ ಆಳೆತ್ತರದ ಜಾಲಿಬೇಲಿ, ಮುಳ್ಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳು, ಅಷ್ಟೇ. ಅಂದಾನಪ್ಪ ಬೇಲಿಯ ಸಂದಿಯಲ್ಲಿ ಇಣುಕಿದ. ಆಚೆ ಯಾರದೋ ಹೊಲದ ಎತ್ತರದ ಒಡ್ಡು ಕಂಡಿತು. ಮುಂಡರಗಿಯಿಂದ ಕೊರ್ಲಹಳ್ಳಿಗೆ ಹೋಗುವ ರಸ್ತೆ ಇದೇ, ತಿರುವೂ ಇದೇ. ಹೊಳೆ ಮಾತ್ರ ಮಾಯ. ಹೊಸ ಅಳಿಯ ಅಂಬರೀಶ ಕೊರಳಲ್ಲಿ ಕ್ಯಾಮರಾ ಹಾಕಿಕೊಂಡು, ಮಾವ ಈಗ ತೋರಿಸಿಯಾರು, ಆಗ ತೋರಿಸಿಯಾರು ಎಂದು ಕಾಯುತ್ತಾ ನಿಂತಿದ್ದ.

ಪಾಪ, ಹುಡುಗನದೇನೂ ತಪ್ಪಿಲ್ಲ. ಹುಬ್ಬಳ್ಳಿಯಲ್ಲಿ ಮದುವೆ, ತೊಟ್ಟಿಲ ಕಾರ್ಯದ ಫೋಟೋ ತೆಗೆದು ಹೊಟ್ಟೆ ಹೊರೆಯುವವನು. ಜೀವ ಮಾತ್ರ ಗುಡ್ಡ, ಹೊಳೆ, ಮೋಡದ ಮೇಲೆ. ಮದುವೆಯಾದ ಮೇಲೆ ಮೊದಲ ಸಲ ಬಂದವನು ಗದಗಿನ ಗುಡಿ, ಕಪ್ಪತಗುಡ್ಡ ಎಲ್ಲ ಸುತ್ತಾಡಿ, ಎಲ್ಲಾ ಚಂದ ಅದಾವ್ರಿ, ಆದ್ರ ಎಲ್ಲಾರ ಮೊಬೈಲಿನಾಗೂ ಅದಾವ ಎಂದು ಊಟಕ್ಕೆ ಕುಳಿತಾಗ ಅಂದಿದ್ದ. ಅಂದಾನಪ್ಪನಿಗೆ ತಡೆಯಲಾಗಲಿಲ್ಲ. ಯಾರೂ ಫೋಟೋ ತೆಗೆಯದ ಜಾಗ ಒಂದು ನನಗ ಗೊತ್ತೈತಿ ಎಂದುಬಿಟ್ಟ. ಹೆಂಡತಿ ಹನಮಂತವ್ವ ರೊಟ್ಟಿ ಬಡಿಸುತ್ತಾ ನಕ್ಕಳು. ರಿಟೈರ್ ಆಗೋತನಕ ಕಂಡಕ್ಟರ್ ಕೆಲಸದಾಗ ಟಿಕೀಟು ಹರಕೋಂತ ನಿಂತವರು, ನೀವ್ಯಾವಾಗ ಜಾಗ ನೋಡಿದ್ರಿ ಎಂದು ಅಳಿಯನ ಮುಂದೆಯೇ ಕೇಳಿದಳು.

ನೋಡಿದ್ದನಲ್ಲ! ಯಾರಿಗೂ ಹೇಳಿರಲಿಲ್ಲ, ಅಷ್ಟೇ. ಚಿಲ್ಲರೆ ಜಗಳ, ಸೀಟಿನ ಜಗಳ, ಮೇಲಿನವರ ಬೈಗುಳ, ಎಲ್ಲ ಹೊಟ್ಟೆಯಲ್ಲಿ ಹಾಕಿಕೊಂಡು ಸಂಜೆಯ ಟ್ರಿಪ್ಪಿನಲ್ಲಿ ಈ ತಿರುವಿಗೆ ಬಂದರೆ ಸಾಕು, ಡ್ರೈವರ್ ಕಡೆಯ ಕಿಟಕಿಗಳಲ್ಲಿ ತುಂಗಭದ್ರೆ ಒಮ್ಮೆಲೇ ಹಾಸಿಕೊಳ್ಳುತ್ತಿದ್ದಳು. ಇಳಿಹೊತ್ತಿನ ಬಿಸಿಲಿಗೆ ನೀರೆಲ್ಲ ಬೆಲ್ಲದ ಪಾಕದ ಬಣ್ಣ, ನಡುವೆ ಹಸಿರು ನಡುಗಡ್ಡೆ, ಅದರ ತುದಿಗೆ ಬಿಳಿ ಕೊಕ್ಕರೆಗಳು. ಕಣ್ಣು ತುಂಬುವಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಅಷ್ಟಕ್ಕೇ ಅವನ ಎದೆ ಹಗುರಾಗಿ, ಮುಂದಿನ ಸ್ಟಾಪಿನಲ್ಲಿ ಹತ್ತಿದವರನ್ನು ಬಾ ಯಪ್ಪಾ, ಬಾ ಯವ್ವಾ ಎಂದು ಕರೆಯುತ್ತಿದ್ದ. ಅಂಥ ಹೊಳೆ ಇಲ್ಲಿ ಇಲ್ಲವೇ ಇಲ್ಲ ಅಂದರೆ ಹೇಗೆ? ಇಷ್ಟು ವರ್ಷ ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡು ನೋಡಿದೆನೇ ಎಂದು ಅವನಿಗೆ ಖರೇನೇ ಹೆದರಿಕೆಯಾಯಿತು.

"ಇರ್ಲಿ ಬಿಡ್ರಿ ಮಾವಾರ, ಕತ್ತಲಾಗೂದ್ರಾಗ ಮನಿ ಸೇರೂಣು," ಎಂದ ಅಂಬರೀಶ, ಮೆಲ್ಲಗೆ. ಬೆಳಗಾದರೆ ಅವನು ಊರಿಗೆ ಹೊರಡುವವ. ಸಿಟ್ಟಿಗೆದ್ದು ಒಂದು ಮಾತಾಡಿದ್ದರೂ ಅಂದಾನಪ್ಪನಿಗೆ ಇಷ್ಟು ಕೆಟ್ಟದೆನಿಸುತ್ತಿರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆಯುತ್ತಾ ಬಂತು. ಇಬ್ಬರೂ ಬೇಲಿಗೆ ಒತ್ತಿ ನಿಂತರು. ದೂಳಿಗೆ ಕಣ್ಣು ಕಿರಿದು ಮಾಡಿ ಅಂದಾನಪ್ಪ ತಲೆ ಎತ್ತಿ ನೋಡಿದ. ಕಿಟಕಿಯಲ್ಲಿ ಕುಳಿತವರ ತಲೆಗಳೆಲ್ಲ ಬೇಲಿಗಿಂತ ಮೇಲಿದ್ದವು. ಅವನು ಹಣೆ ಬಡಿದುಕೊಂಡ.

"ಎಂಥಾ ಶಾಣ್ಯಾ ನೋಡ್ರಿ ನಾ. ಇಲ್ಲಿ ಸ್ಟಾಪ್ ಇಲ್ರಿ ಅಳಿಯಂದ್ರ. ಒಂದು ದಿನಾನೂ ಇಲ್ಲಿ ನೆಲಕ್ಕ ಕಾಲಿಟ್ಟಿಲ್ಲ. ನೋಡಿದ್ದೆಲ್ಲಾ ಬಸ್ಸಿನಾಗ ನಿಂತು, ಅಷ್ಟೆತ್ತರದಿಂದ."

ಅಂಬರೀಶ ಬೇಲಿ ನೋಡಿದ, ಇಳಿಯುತ್ತಿದ್ದ ಹೊತ್ತು ನೋಡಿದ, ಮಾವನ ಮುಖ ನೋಡಿದ. ನಕ್ಕ, ಆದರೆ ಹೀಯಾಳಿಸಿ ನಗಲಿಲ್ಲ. ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿ ಬೈಕಿಗೆ ಕಿಕ್ ಹೊಡೆದ.

ಮುಂಡರಗಿ ಬಸ್‌ಸ್ಟ್ಯಾಂಡಿನ ಚಹಾದಂಗಡಿ ಮುಂದೆ ಬೈಕ್ ಬಿಟ್ಟು, ಹೊರಟಿದ್ದ ಬಸ್ಸಿಗೆ ಜೋತುಬಿದ್ದು ಹತ್ತಿದರು. ಕಾಲಿಡಲು ಜಾಗವಿರಲಿಲ್ಲ. ಬುಟ್ಟಿ ಹಿಡಿದುಕೊಂಡು ಕುಳಿತಿದ್ದ ಮುದುಕಿಯೊಬ್ಬಳು ಕ್ಯಾಮರಾ ಕಂಡು, ಕುಂಡ್ರಪಾ ಎಂದು ಕಿಟಕಿ ಬಿಟ್ಟುಕೊಟ್ಟು ಈಚೆ ಸರಿದಳು. ಅಂದಾನಪ್ಪ ಸೀಟಿನ ಕಂಬ ಹಿಡಿದು, ನೌಕರಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ನಿಂತ. ತಿರುವು ಹತ್ತಿರವಾದಂತೆಲ್ಲ ಅವನು ಮತ್ತೆ ಮತ್ತೆ ಬಗ್ಗಿ ಕಿಟಕಿಯಾಚೆ ನೋಡತೊಡಗಿದ. ಇರಬೇಕಲ್ಲ ಶಿವನೇ, ಇದ್ದರೆ ಸಾಕು.

ಇತ್ತು. ಬೇಲಿಯ ಆಚೆ, ಒಡ್ಡಿನ ಆಚೆ, ಹೊಳೆ ಅಷ್ಟಗಲ ಹಾಸಿಕೊಂಡೇ ಇತ್ತು. ನಡುಗಡ್ಡೆಯೂ ಇತ್ತು, ಕೊಕ್ಕರೆಗಳೂ ಇದ್ದವು. ಅಂಬರೀಶ ಬಾಯಿಬಿಟ್ಟುಕೊಂಡು ಕ್ಯಾಮರಾ ಎತ್ತಿದ. ಬಸ್ಸಿನ ಕುಲುಕಾಟಕ್ಕೆ ಕೈ ನಿಲ್ಲಲೊಲ್ಲದು. ಇನ್ನೇನು ತಿರುವು ದಾಟಿಯೇ ಹೋಗಬೇಕು, ಅಷ್ಟರಲ್ಲಿ ಅಂದಾನಪ್ಪನ ಗಂಟಲಿನಿಂದ ಅವನನ್ನು ಕೇಳದೆಯೇ ಹಳೆಯ ಕೂಗು ಹೊರಬಿತ್ತು. "ಹೋಲ್ಡಾನ್!"

ಡ್ರೈವರನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ಮಮತಾ ಟಿಕೀಟಿನ ಮಷಿನ್ ಹಿಡಿದುಕೊಂಡು ಮಂದಿಯನ್ನು ಸರಿಸುತ್ತಾ ಬಂದಳು.

"ಯಾರ್ರಿ ಅವ್ರು ಹೋಲ್ಡಾನ್ ಅಂದವ್ರು? ಯಾರು ಇಳಿಯವ್ರು? ಇಲ್ಲಿ ಸ್ಟಾಪ್ ಇಲ್ಲ."

"ಇಳಿಯವ್ರು ಯಾರೂ ಇಲ್ಲ ತಂಗಿ," ಎಂದ ಅಂದಾನಪ್ಪ. "ನೋಡವ್ರು ಅದೀವಿ."

ಬೈಯಲೆಂದೇ ಬಾಯಿ ತೆರೆದಿದ್ದ ಮಮತಾ ಅವನು ಕೈ ಮಾಡಿದ ಕಡೆ ಬಗ್ಗಿ ನೋಡಿದಳು. ಬುಟ್ಟಿಯ ಮುದುಕಿಯೂ ಕತ್ತು ತಿರುಗಿಸಿದಳು. ಮೊಬೈಲ್ ನೋಡುತ್ತಿದ್ದವರು ತಲೆ ಎತ್ತಿದರು. ದಿನಾ ಇದೇ ದಾರಿಯಲ್ಲಿ ಓಡಾಡುವ ಮಂದಿ ಎದ್ದು ನಿಂತು ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿದರು. ಕ್ಯಾಮರಾ ಕ್ಲಿಕ್ ಎಂದಿತು, ಮತ್ತೊಮ್ಮೆ ಎಂದಿತು, ಆಮೇಲೆ ಅದೂ ಸುಮ್ಮನಾಯಿತು.

"ರೈಟ್ ಏನ್ರಿ ಮೇಡಂ?" ಎಂದು ಮುಂದಿನಿಂದ ಡ್ರೈವರ್ ಕೂಗಿ ಕೇಳಿದ.

ಬಸ್ಸಿನಲ್ಲಿ ಒಬ್ಬರೂ ರೈಟ್ ಅನ್ನಲಿಲ್ಲ.