ಸೋರುವ ಗಡಿಗೆ

"ಅಯ್ಯಯ್ಯೋ! ಸೋರ್ತಾವಲ್ಲೋ ಶೆಟ್ಟಪ್ಪ ನಿನ್ನ ಗಡಿಗೆ!"

ನಾಳೆ ಮಗಳ ಮದುವೆ. ಶಾಸ್ತ್ರಕ್ಕೆ ಹೊಸ ಗಡಿಗೆ ಒಯ್ಯಲೆಂದು ಚಂದಕವಾಡಿಯ ಕುಂಬಾರ ಮಾದಶೆಟ್ಟಿಯ ಮನೆಗೆ ಬಂದ ಚಿಕ್ಕಬಸಮ್ಮ ಹಿತ್ತಲು ಕಂಡು ಕೂಗಿಕೊಂಡಳು. ಸಾಲಾಗಿ ತೂಗುಹಾಕಿದ ಗಡಿಗೆಗಳ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊದಲೇ ಅನುಮಾನದ ಹೆಂಗಸು. ಹೋದ ವರ್ಷ ದೇಶದ ಮೊದಲ ಚುನಾವಣೆಯಲ್ಲಿ ಓಟು ಹಾಕುವಾಗಲೂ ಪೆಟ್ಟಿಗೆಯ ತಳ ತಡವಿ ನೋಡಿಯೇ ಚೀಟಿ ಬಿಟ್ಟವಳು.

"ಸೋರ್ಲಿ ಅಂತ್ಲೇ ಮಾಡಿರಾದು ಕಣವ್ವ," ಮಾದಶೆಟ್ಟಿ ನಕ್ಕ. "ಗುಂಡ್ಲುಪೇಟೆ ಸೋಡಾ ಬೆಟ್ಟಯ್ಯನ ಸೀಸೇಲಿ ಪಾಚಿ, ಹುಳ ಕಂಡು ಜನ ಉಗುದ್ಬುಟ್ಟವ್ರೆ. ಅದ್ಕೆ ನೀರು ಸೋಸಕ್ಕೆ ಇವ್ನ ಮಾಡುಸ್ತಾವ್ನೆ. ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಸುಟ್ರೆ, ಹೊಟ್ಟು ಉರ್ದೋಗಿ ಕಣ್ಣಿಗೆ ಕಾಣ್ದಂಥ ತೂತ ಉಳೀತವೆ. ಹುಳ ಮ್ಯಾಲೇ ನಿಲ್ತದೆ, ಒಳ್ಳೆ ನೀರು ಕೆಳಕ್ಕೆ ಇಳೀತದೆ."

ಹುಳದ ಮಾತು ಚಿಕ್ಕಬಸಮ್ಮನ ಕಿವಿಗೇ ಬೀಳಲಿಲ್ಲ. ಬಿದ್ದದ್ದು ಕಣ್ಣಿಗೆ ಕಾಣದ ತೂತು. ಅವಳ ನಾದಿನಿಯ ಮದುವೆಯಲ್ಲಿ ಶಾಸ್ತ್ರದ ಗಡಿಗೆ ಹನಿಯಿಟ್ಟಿತ್ತು. ವರ್ಷ ತುಂಬುವ ಮೊದಲೇ ಆ ಹುಡುಗಿ ಗಂಡನನ್ನು ಬಿಟ್ಟು ತವರಿಗೆ ಬಂದು ಕೂತಳು. ಈಗ ಮಗಳಿಗೂ ಹಾಗಾದರೆ?

"ಅದೇ ಕೈ, ಅದೇ ಮಣ್ಣು. ನನ್ನ ಗಡಿಗೇಲೂ ಹೊಟ್ಟು ಸೇರ್ಕಂಡಿದ್ರೆ?"

ಮಾದಶೆಟ್ಟಿ ಮನೆ ಬಳಕೆಯ ಗಡಿಗೆಯೊಂದಕ್ಕೆ ನೀರು ತುಂಬಿ ಮುಂದಿಟ್ಟ. ಸೋರಲಿಲ್ಲ.

"ಇದು ಸೋರ್ನಿಲ್ಲ, ಸರಿ. ನಾನು ತಕ್ಕೊಂಡೋಗಾದು ಇದನ್ನಲ್ವಲ್ಲ?"

"ಶಾಸ್ತ್ರದ ಗಡಿಗೆಗೆ ಮುಂಚೇಲೆ ನೀರು ತಾಗಿದ್ರೆ ಮೀಸಲು ಕೆಡ್ತದೆ. ನಿಂಗೊತ್ತಿಲ್ವಾ?"

"ಗೊತ್ತು ಕಣಪ್ಪ. ನೋಡ್ದಲೆ ಎಂಗೆ ನಂಬಾದು ಅಂತೀನಿ."

ಮಾದಶೆಟ್ಟಿಗೆ ಸಿಟ್ಟು ನೆತ್ತಿಗೇರಿತು. ತಾತನ ಕಾಲದಿಂದ ಊರಿನ ಮದುವೆಗಳಿಗೆಲ್ಲ ಗಡಿಗೆ ಕೊಟ್ಟ ಮನೆ ಅದು. ಒಳಗೆ ಹೋಗಿ, ಸುಣ್ಣದ ಗೆರೆ ಬರೆದು ಅವಳಿಗೆಂದೇ ಎತ್ತಿಟ್ಟಿದ್ದ ಗಡಿಗೆಯನ್ನು ತಂದು, ದಬದಬನೆ ಕಂಠದವರೆಗೆ ನೀರು ಸುರಿದು, ತಳ ಕಾಣುವಂತೆ ಎರಡು ಕಲ್ಲಿನ ಮೇಲೆ ಕೂರಿಸಿದ. "ನೋಡ್ಕೊ!" ಅಂದ.

ಇಬ್ಬರೂ ಕುಕ್ಕರುಗಾಲಲ್ಲಿ ಕೂತು ನೋಡಿದರು. ಬೇವಿನ ಮರದ ನೆರಳು ಸರಿದು ಬಿಸಿಲು ಬೆನ್ನಿಗೆ ಬಂತು. ಗಡಿಗೆಯ ಮೈ ತಣ್ಣಗಾಯಿತೇ ಹೊರತು ಒಂದು ಹನಿ ಬೀಳಲಿಲ್ಲ. ಚಿಕ್ಕಬಸಮ್ಮ ತಳಕ್ಕೆ ಕೈಯಾಡಿಸಿದಳು. ಅವಳ ಕಣ್ಣಲ್ಲಿ ನೀರಾಡಿತು.

"ಬಂಗಾರದಂಥ ಗಡಿಗೆ ಕಣಪ್ಪ! ನಿನ್ನ ಮ್ಯಾಲೆ ಅನುಮಾನ ಪಟ್ನಲ್ಲ, ನನ್ನ ಬಾಯಿಗಷ್ಟು ಮಣ್ಣಾಕ!"

"ಅಂಗಾದ್ರೆ ಎತ್ಕೊಂಡೋಗವ್ವ."

"ಇದನ್ನಾ? ನೀರು ಬಿದ್ದದ್ದು ಶಾಸ್ತ್ರಕ್ಕೆ ಆದದಾ? ಬ್ಯಾರೆದ ಕೊಡು."

ಮಾದಶೆಟ್ಟಿ ಇನ್ನೊಂದನ್ನು ತಂದು ಕೈಗಿಟ್ಟ. ಅದನ್ನು ಸೆರಗಲ್ಲಿ ಸುತ್ತಿಕೊಂಡು ಹೊಸಿಲು ದಾಟಿದ ಚಿಕ್ಕಬಸಮ್ಮ ಅಂಗಳದಲ್ಲಿ ನಿಂತಳು. ಸೆರಗು ಬಿಚ್ಚಿ, ಗಡಿಗೆಯನ್ನು ಸೂರ್ಯನಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದಳು.

"ಶೆಟ್ಟಪ್ಪ... ಇದು ಸೋರಾಕಿಲ್ಲ ತಾನೆ?"