ಏಳಡಿ ಆಚೆಯ ಅಜ್ಜಿ

ಒಲೆ ಹಚ್ಚುವ ಮೊದಲೇ ಕೋಮಲ ಮಗಳ ಸೊಂಟದ ಪಟ್ಟಿ ಬಿಚ್ಚಿದಳು. ಬೇರೆ ಮನೆಯವರು ಆರಡಿಗಿಂತ ಹತ್ತಿರ ಬಂದರೆ ಸಿಳ್ಳೆ ಹಾಕುತ್ತಿದ್ದ ಆ ಪಟ್ಟಿ, ವರ್ಷಗಟ್ಟಲೆ ಕಾಡಿದ ಅಂಟುರೋಗ ಇಳಿದದ್ದರಿಂದ ಇನ್ನು ಯಾರಿಗೂ ಬೇಡವಂತೆ. ಇಂಚರಳಿಗೆ ಆರು ವರ್ಷ. ಅಪ್ಪ ಅಮ್ಮನನ್ನು ಬಿಟ್ಟು ಯಾರನ್ನೂ ಮುಟ್ಟಿದವಳಲ್ಲ.

ನಲವತ್ತು ಮಹಡಿಯ ಕಟ್ಟಡಗಳು ಒತ್ತೊತ್ತಾಗಿ ನಿಂತ ಆ ಬೀದಿಯಲ್ಲಿ ಅವರ ಕಿಟಕಿಯಿಂದ ಏಳಡಿ ಆಚೆಗೇ, ಎದುರು ಕಟ್ಟಡದಲ್ಲಿ, ಚೌಡಮ್ಮಜ್ಜಿಯ ಕಿಟಕಿ. ಹಗ್ಗದ ಬುಟ್ಟಿಯಲ್ಲಿ ಅವರು ಕಳಿಸಿದ ಪಾಯಸದ ಬಟ್ಟಲನ್ನು ಇಂದು ಕೈಯಾರೆ ಕೊಡಬೇಕು. ಬರಿದಾಗಿ ಮರಳಿಸಬಾರದೆಂದು ಕೋಮಲ ಅದಕ್ಕೆ ಸಕ್ಕರೆ ತುಂಬಿದಳು. ಮಗಳು ಹೆದರಿ ಓಡಿದರೆ ಅಜ್ಜಿ ಎಷ್ಟು ನೊಂದುಕೊಂಡಾರೋ ಎಂಬುದೇ ಅವಳ ಚಿಂತೆ.

ಇಬ್ಬರೂ ಎದುರು ಕಟ್ಟಡಕ್ಕೆ ಹೋಗಿ ತಟ್ಟಿದಾಗ ಅಜ್ಜಿ ಬಾಗಿಲು ತೆರೆದರು. ಇಂಚರ ಬಟ್ಟಲನ್ನು ನೆಲದ ಮೇಲಿಟ್ಟು, ಕಲಿಸಿದಂತೆ ಆರು ಹೆಜ್ಜೆ ಹಿಂದೆ ಸರಿದಳು. ರೂಢಿ ತಪ್ಪದೆ ಅಜ್ಜಿಯೂ ಸರಿದರು.

“ಅಜ್ಜೀ, ನೀನು ಇಷ್ಟೇ ಉದ್ದಾನಾ? ಕಿಟಕೀಲಿ ದೊಡ್ಡೋಳಿದ್ದೆ!”

“ಸ್ಟೂಲ್ ಹತ್ತಿ ನಿಲ್ತಿದ್ದೆ ಕಣೇ, ನಿನ್ ಮುಖ ಕಾಣ್ಲಿ ಅಂತ.”

ಇಂಚರ ಒಂದೊಂದೇ ಹೆಜ್ಜೆ ಎಣಿಸುತ್ತಾ ಮುಂದೆ ಹೋದಳು. ಹೋಗಿ ಅಜ್ಜಿಯ ಬೆನ್ನಿಗೆ ಬೆನ್ನು ಆನಿಸಿ ನಿಂತು ಕೂಗಿದಳು:

“ಅಮ್ಮಾ, ಯಾರು ಉದ್ದ, ನೋಡಿ ಹೇಳು!”

ಅಜ್ಜಿ ಸದ್ದಿಲ್ಲದೆ ಮೊಣಕಾಲು ಬಗ್ಗಿಸಿದರು.