ನೇತ್ರಾವತಿ ಟೀಚರ್ ಬಿಡುಗಡೆ

ವರ್ಗಾವಣೆಯ ಬಿಡುಗಡೆ ಪತ್ರವನ್ನು ಬ್ಯಾಗಿಗೆ ಹಾಕಿಕೊಂಡು ನೇತ್ರಾವತಿ ಟೀಚರ್ ಅಂಗಳಕ್ಕೆ ಬರುವಷ್ಟರಲ್ಲಿ ಶಾಲೆಯ ಗೇಟಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಆಚೆ ಮೂವತ್ತು ನಲವತ್ತು ಜನ ದಾರಿಗೆ ಅಡ್ಡ ಕುಳಿತಿದ್ದರು. ಎಲ್ಲರೂ ಅವತ್ತಿನ ಕೂಲಿ ಬಿಟ್ಟು ಬಂದವರು. ಬೀಗದ ಕೈ ಶಾಲೆಯ ಉಸ್ತುವಾರಿ ಸಮಿತಿ ಅಧ್ಯಕ್ಷ ಓಬಳೆಪ್ಪನ ಜೇಬಿನಲ್ಲಿತ್ತು.

"ಓಬಳೆಪ್ಪಾರ, ಬೀಗ ತಗೀರಿ. ಸಂಜಿ ಐದರೊಳಗ ನಾ ಕುಷ್ಟಗಿ ಸಾಲಿಗೆ ಹಾಜರಾಗಬೇಕು."

"ಬಿಡಂಗಿಲ್ರಿ ಟೀಚರ. ನಿಮ್ಮ ವರ್ಗಾ ರದ್ದು ಮಾಡೂ ತನಕ ಏಳಂಗಿಲ್ಲ. ಆಫೀಸಿಗೆ ಫೋನ್ ಹಚ್ಚೀವಿ."

"ಯಾರನ್ನ ಕೇಳಿ ಹಚ್ಚಿದ್ರಿ? ವರ್ಗಾ ಬೇಕಂತ ಅರ್ಜಿ ಹಾಕಿದಾಕಿ ನಾನ! ಮೂರು ವರ್ಷ ಕಾದ ಮ್ಯಾಲೆ ಸಿಕ್ಕೈತಿ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಮುದುಕಿ ಪಕ್ಕೀರವ್ವ ಎದ್ದು ಬಂದು ಗೇಟಿನ ಸರಳು ಹಿಡಿದಳು. "ನಮ್ಮಿಂದ ಏನ್ ತಪ್ಪಾತ್ರಿ? ನೀವು ಬರೂಕಿಂತ ಮದಲ ಈ ಊರಾಗ ಏಳನೇತ್ತ ದಾಟಿದ ಹುಡುಗಿ ಒಬ್ಬಾಕಿ ಇದ್ದಿಲ್ಲ. ಈಗ ಬಿಟ್ಟು ಹೊಂಟ್ರ ಹೆಂಗ್ರಿ?"

ನೇತ್ರಾವತಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಒಂಬತ್ತು ವರ್ಷದ ಹಿಂದೆ, ಮಕ್ಕಳನ್ನು ಶಾಲೆಗೆ ಕಳಿಸಿರೆಂದು ಮನೆಮನೆ ಅಲೆದಾಗ ಬಾಗಿಲು ಹಾಕಿಕೊಂಡವರು ಇವರೇ. ಭಾನುವಾರವೂ ಪಾಠ ಮಾಡಿರೆಂದು ಆಮೇಲೆ ಗಂಟುಬಿದ್ದವರೂ ಇವರೇ.

"ಕುಷ್ಟಗ್ಯಾಗ ನನ್ನ ಮಗಳು ಅದಾಳ್ರಿ. ನಮ್ಮತ್ತಿ ಕಡೆ ಬಿಟ್ಟೀನಿ."

"ಗೊತ್ತೈತ್ರಿ," ಎಂದ ಓಬಳೆಪ್ಪ. "ಟೀಚರ ಮಗಳು, ಶಾಣ್ಯಾಕಿನ ಇರ್ತಾಳ ತಗೋರಿ. ಆಕಿ ಚಿಂತಿ ನಿಮಗ್ಯಾಕ?"

ನೇತ್ರಾವತಿ ಬ್ಯಾಗು ತಡಕಾಡಿ ಮಗಳ ನೋಟ್‌ಬುಕ್ ತೆಗೆದು ಸರಳುಗಳ ನಡುವಿಂದ ಆಚೆ ತೂರಿಸಿದಳು. "ಮೂರನೇತ್ತ ಓದತಾಳ. ನೀವ ನೋಡ್ರಿ."

ಪಕ್ಕೀರವ್ವ ಪುಸ್ತಕ ಇಸಿದುಕೊಂಡಳು. ಎರಡು ವರ್ಷ ದಿನಾ ಸಂಜೆ ಈ ಟೀಚರ ಮುಂದೆಯೇ ಕುಳಿತು ಅಕ್ಷರ ಕಲಿತವಳು ಅವಳು. ಸೊಟ್ಟ ಅಕ್ಷರಗಳ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು: "ನನ... ಅವ... ಟೀಚರ." ಮತ್ತೊಮ್ಮೆ ಓದಿದಳು.

"ಅವ್ವಗ ಒತ್ತು ಬಿಟ್ಟಾಳಲ್ರಿ ಟೀಚರ," ಎಂದಳು ಮೆಲ್ಲಗೆ.

ಆಮೇಲೆ ಪುಸ್ತಕದಿಂದ ಕಣ್ಣೆತ್ತದೆ, ಬೀಗದ ಕೈಗಾಗಿ ಓಬಳೆಪ್ಪನತ್ತ ಅಂಗೈ ಚಾಚಿದಳು.